ಮನೆಮಾತಿಗೆ ಮಾನ ತಂದ ದೇವನೂರ ಮಹಾದೇವ

ಮಾಂಬಳ್ಳಿಯ ಮಗುವೊಂದು ಮೊದಲ ದಿನ ಶಾಲೆಗೆ ಹೋದಾಗ ಎರಡು ಕನ್ನಡಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಅದು ಕುಡಿದು ಬಂದದ್ದು 'ಆಲು'. ಮೇಷ್ಟ್ರು ಹಲಗೆಯ ಮೇಲೆ ಬರೆದದ್ದು 'ಹಾಲು'. 'ಆಲು ಅಲ್ಲ ಕಣೋ, ಹಾಲು ಅನ್ನು' ಎಂದರೆ, 'ಊಂ ಸಾ, ಆಲು' ಎಂದು ಮಗು ವಿಧೇಯತೆಯಿಂದಲೇ ಉತ್ತರ ಕೊಡುತ್ತದೆ. ತರಗತಿ ನಗುತ್ತದೆ. ಮನೆಯ ದ್ಯಾವ್ರು ಶಾಲೆಯಲ್ಲಿ ದೇವರಾಗಬೇಕು, 'ಬುಡು' ಎಂಬುದು 'ಬಿಡು' ಆಗಬೇಕು, 'ಕನಾ' ಎಂಬ ಮಾತಂತೂ ಬಾಯಿಂದಲೇ ಹೋಗಬೇಕು. ಮೇಷ್ಟ್ರನ್ನು ದೂರುವಂತಿಲ್ಲ. ಪರೀಕ್ಷೆಯಲ್ಲಿ 'ಆಲು' ಎಂದು ಬರೆದರೆ ಅಂಕ ಹೋಗುತ್ತದೆ. ಆದರೆ ಐದಾರು ವರ್ಷ ಹೀಗೆ ತಿದ್ದಿಸಿಕೊಂಡ ಮಗುವಿಗೆ ತನ್ನ ಅವ್ವ ಅಪ್ಪ ಆಡುವುದು ತಪ್ಪು ಕನ್ನಡ ಎಂಬ ಪಾಠವೂ, ಯಾರೂ ಹೇಳಿಕೊಡದೆಯೇ, ಬಂದುಬಿಟ್ಟಿರುತ್ತದೆ.

ಈ 'ತಪ್ಪು ಕನ್ನಡ'ದಲ್ಲಿ ಬರೆದ ಒಂದು ಪುಟ್ಟ ಕಾದಂಬರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿ 'ಕುಸುಮಬಾಲೆ'. ಬರೆದವರು ದೇವನೂರ ಮಹಾದೇವ. ಅವರ ಊರು ದೇವನೂರು ನಮಗೆ ದೂರದ್ದಲ್ಲ, ನಂಜನಗೂಡು ತಾಲ್ಲೂಕಿನದು. ಯಳಂದೂರು, ಕೊಳ್ಳೇಗಾಲ, ಚಾಮರಾಜನಗರ, ನಂಜನಗೂಡು ಈ ಸೀಮೆಗಳ ಮಾತಿನ ಧಾಟಿಯಲ್ಲಿ ಊರಿಂದೂರಿಗೆ ಅಷ್ಟಿಷ್ಟು ವ್ಯತ್ಯಾಸವಿದ್ದರೂ ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗದೆ ಇರುವುದಿಲ್ಲ. ಬೆಂಗಳೂರಿನ ಓದುಗರು ತಡವರಿಸಿ ಓದಿದ ಪುಟಗಳನ್ನು ಮಾಂಬಳ್ಳಿಯ ಅಜ್ಜಿಯೊಬ್ಬರು ಕೇಳಿದರೆ, 'ಇದ್ಯಾಕೆ ಪುಸ್ತಕದಲ್ಲಿ ಬಂತು?' ಎಂದು ಆಶ್ಚರ್ಯಪಟ್ಟಾರು.

ಮಹಾದೇವ ಹುಟ್ಟಿದ್ದು 1948ರಲ್ಲಿ. ಹಳ್ಳಿಯ ದಲಿತ ಕುಟುಂಬ. ಓದು ಅವರನ್ನು ಮೈಸೂರಿಗೆ ಕರೆತಂದಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಿದರು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕೆಲಸಕ್ಕಿದ್ದರು. ಮುಂದೆ ಆ ಕೆಲಸವನ್ನು ಬಿಟ್ಟು ವ್ಯವಸಾಯಕ್ಕೆ ತಿರುಗಿಕೊಂಡರು. ಕೇಂದ್ರ ಸರ್ಕಾರದ ಸಂಸ್ಥೆಯ ನೌಕರಿ ಬಿಟ್ಟು ಹೊಲಕ್ಕೆ ಹೋದವರನ್ನು ನಮ್ಮ ಕಡೆ ಹಿರಿಯರು ಏನೆಂದಾರು ಎಂಬುದನ್ನು ಓದುಗರ ಊಹೆಗೇ ಬಿಡುತ್ತೇನೆ.

ಮೊದಲ ಪುಸ್ತಕ ಬಂದದ್ದು 1973ರಲ್ಲಿ, ಲೇಖಕರಿಗೆ ಆಗ ಇಪ್ಪತ್ತೈದು. ಕತೆಗಳ ಸಂಕಲನ, ಹೆಸರು 'ದ್ಯಾವನೂರು'. ಸರ್ಕಾರದ ದಾಖಲೆಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ಆ ಊರು ದೇವನೂರು. ಊರಿನವರ ಬಾಯಲ್ಲಿ ದ್ಯಾವನೂರು. ಎರಡರಲ್ಲಿ ಯಾವುದನ್ನು ಪುಸ್ತಕದ ಹೊದಿಕೆಯ ಮೇಲೆ ಅಚ್ಚು ಹಾಕಿಸಬೇಕು ಎಂಬ ಪ್ರಶ್ನೆಗೆ ಆ ಯುವಕ ಕೊಟ್ಟ ಉತ್ತರದಲ್ಲೇ ಮುಂದಿನ ದಾರಿಯೂ ಇತ್ತು ಎನ್ನಬಹುದು. ಅವರ ಹೆಸರಾಂತ ಕತೆ 'ಅಮಾಸ' ಕೂಡ ಹಾಗೆಯೇ. ಅಮಾವಾಸ್ಯೆ ಊರಿನವರ ಬಾಯಲ್ಲಿ ಅಮಾಸ, ಹುಡುಗನ ಹೆಸರೂ ಅದೇ. ತಬ್ಬಲಿ ಹುಡುಗ, ಮಾರಿಗುಡಿಯ ಆಶ್ರಯ, ಅವನನ್ನು ಸಾಕಿದ ಮುದುಕ, ಊರ ಮಾರಿಹಬ್ಬದ ಹುಲಿವೇಷದ ಕುಣಿತ: ಇಷ್ಟರಲ್ಲೇ ಕತೆ ಮುಗಿಯುತ್ತದೆ. ಹಬ್ಬದ ಗದ್ದಲದ ನಡುವೆ ಯಾರ ಕಣ್ಣಿಗೂ ಬೀಳದಿದ್ದ ಹುಡುಗ ಒಂದು ದಿನದ ಮಟ್ಟಿಗೆ ಊರಿಗೆಲ್ಲ ಕಾಣಿಸುತ್ತಾನೆ.

ಆ 1973 ಬೇರೆ ಕಾರಣಕ್ಕೂ ನೆನಪಿರುವ ವರ್ಷ. ಅದೇ ವರ್ಷದ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂಬರ್ಥದ ಮಾತಾಡಿದರು. ರಾಜ್ಯದಾದ್ಯಂತ ಗಲಾಟೆಯಾಯಿತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಬೂಸಾ ಪ್ರಕರಣದ ಕಾವಿನಲ್ಲಿ ದಲಿತ ವಿದ್ಯಾರ್ಥಿಗಳೂ ಬರಹಗಾರರೂ ಒಂದುಗೂಡಿದರು. ಪ್ರೊ. ಬಿ. ಕೃಷ್ಣಪ್ಪ, ಸಿದ್ದಲಿಂಗಯ್ಯ ಮೊದಲಾದವರ ಜೊತೆ ದೇವನೂರ ಮಹಾದೇವರೂ ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರು. ಬೂಸಾ ಎಂಬ ಆಪಾದನೆಗೆ ಭಾಷಣದ ಉತ್ತರಗಳು ಬೇಕಾದಷ್ಟು ಬಂದವು. ಒಂದು ಪುಟ್ಟ ಕಥಾಸಂಕಲನ ಕೊಟ್ಟ ಉತ್ತರ ಇಂದಿಗೂ ಅಚ್ಚಿನಲ್ಲಿದೆ.

ಮುಂದೆ ಬಂದದ್ದು 'ಒಡಲಾಳ'. ವಿದ್ಯಾರ್ಥಿಗಳು ಮೊದಲು ಓದಬೇಕಾದದ್ದು ಇದು ಎಂದು ನನ್ನ ಅಭಿಪ್ರಾಯ. ಕತೆ ಬಹಳ ಸಣ್ಣದು. ಸಾಕವ್ವ ಎಂಬ ಮುದುಕಿಯ ಹುಂಜ ಕಳೆದುಹೋಗಿದೆ. ಅದನ್ನು ಹುಡುಕಿಕೊಂಡು ಆಕೆ ಕೇರಿಯೆಲ್ಲ ಸುತ್ತುತ್ತಾಳೆ, ಕದ್ದವರಿಗೆ ಶಾಪ ಹಾಕುತ್ತಾಳೆ. ಮನೆ ತುಂಬ ಮಕ್ಕಳು, ಸೊಸೆ, ಮೊಮ್ಮಕ್ಕಳು. ಹೊಟ್ಟೆ ಮಾತ್ರ ಯಾರದೂ ತುಂಬಿಲ್ಲ. ಒಂದು ರಾತ್ರಿ ಮನೆಗೆ ಕಳವಿನ ಕಡಲೆಕಾಯಿ ಮೂಟೆ ಬರುತ್ತದೆ. ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಸುಟ್ಟು ತಿನ್ನುತ್ತಾರೆ. ತಿನ್ನುತ್ತ ತಿನ್ನುತ್ತ ಮಾತು, ನಗೆ, ಮಕ್ಕಳಿಗೆ ಕತೆ. ಬೆಳಿಗ್ಗೆಯಾದರೆ ಪೊಲೀಸರು ಬಂದು ಮನೆ ಜಾಲಾಡುತ್ತಾರೆ. ಅದೇ ಮನೆಯ ಗೋಡೆಯ ಮೇಲೆ ಹುಡುಗಿಯೊಬ್ಬಳು ಬಿಡಿಸಿದ ನವಿಲೂ ಇದೆ.

ಕಳ್ಳತನದ ಕತೆಯನ್ನು ಮಕ್ಕಳಿಗೆ ಓದಿಸುವುದೇ ಎಂದು ಕೆಲವು ಪೋಷಕರು ಹುಬ್ಬೇರಿಸಬಹುದು. ಧಾರಾಳವಾಗಿ ಓದಿಸಿ. ಕದ್ದದ್ದು ಸರಿ ಎಂದು ಲೇಖಕರು ಎಲ್ಲಿಯೂ ವಾದಿಸುವುದಿಲ್ಲ, ತಪ್ಪು ಎಂದು ಉಪದೇಶವನ್ನೂ ಮಾಡುವುದಿಲ್ಲ. ಆ ರಾತ್ರಿ ಒಲೆಯ ಮುಂದೆ ನಮ್ಮನ್ನೂ ಕೂರಿಸುತ್ತಾರೆ. ಬಡವರ ಮನೆಯನ್ನು ಕಣ್ಣೀರಿನ ಮಡುವಾಗಿ ತೋರಿಸುವ ಕತೆಗಳು ನಮ್ಮಲ್ಲಿ ಬಹಳ. ಹಸಿದವರೂ ತಮಾಷೆ ಮಾಡುತ್ತಾರೆ, ಜಗಳಕ್ಕೆ ನಿಂತ ಒಡಹುಟ್ಟಿದವರು ಒಂದು ಹಿಡಿ ಕಡಲೆಕಾಯಿಗೆ ಒಂದಾಗುತ್ತಾರೆ, ಆ ಮನೆಯ ಹುಡುಗಿಗೂ ನವಿಲು ಬರೆಯಬೇಕೆನಿಸುತ್ತದೆ ಎಂಬುದನ್ನು ಇಷ್ಟು ಸಲೀಸಾಗಿ ಹೇಳಿದವರು ಕಡಿಮೆ. ಈ ಕೃತಿಗೆ ಕಲ್ಕತ್ತೆಯ ಭಾರತೀಯ ಭಾಷಾ ಪರಿಷತ್ತಿನ ಪ್ರಶಸ್ತಿ ಬಂತು.

'ಒಡಲಾಳ'ದವರೆಗೆ ಒಂದು ರೂಢಿಯಿತ್ತು. ಪಾತ್ರಗಳು ಆಡುಮಾತಿನಲ್ಲಿ ಮಾತಾಡುತ್ತವೆ, ಕತೆ ಹೇಳುವ ಲೇಖಕ ಮಾತ್ರ ಪುಸ್ತಕದ ಕನ್ನಡದಲ್ಲಿ ಹೇಳುತ್ತಾನೆ. ಕನ್ನಡದ ಅನೇಕ ದೊಡ್ಡ ಕಾದಂಬರಿಗಳು ಸಾಗಿದ್ದು ಈ ಹಾದಿಯಲ್ಲೇ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸ್ವಲ್ಪ ಯೋಚಿಸಿದರೆ ಇಲ್ಲೊಂದು ಜಗಲಿ ಕಾಣುತ್ತದೆ. ಲೇಖಕ ಜಗಲಿಯ ಮೇಲೆ, ಪಾತ್ರಗಳು ಅಂಗಳದಲ್ಲಿ. 'ಕುಸುಮಬಾಲೆ'ಯಲ್ಲಿ ಮಹಾದೇವ ಆ ಜಗಲಿಯನ್ನೇ ತೆಗೆದುಬಿಟ್ಟರು. ಅಲ್ಲಿ ಕತೆ ಹೇಳುವ ದನಿಯೂ ಅದೇ ಮಾತಿನಲ್ಲಿ ಹೇಳುತ್ತದೆ. ವರ್ಣನೆ, ವಿಚಾರ, ದುಃಖ, ಹಾಸ್ಯ ಎಲ್ಲಕ್ಕೂ ಅದೇ ನುಡಿ ಸಾಕಾಗುತ್ತದೆ.

ನೂರು ಪುಟವನ್ನೂ ಮುಟ್ಟದ ಈ ಕಾದಂಬರಿಯ ಒಳಗೆ ಇರುವುದು ನಮಗೆ ಪರಿಚಿತವಾದ, ಪತ್ರಿಕೆಗಳಲ್ಲಿ ಈಗಲೂ ಓದುವ ದುರಂತವೇ: ಮೇಲುಜಾತಿಯ ಮನೆಯ ಹೆಣ್ಣು ಕುಸುಮ, ಓದಿದ ದಲಿತ ಯುವಕ ಚೆನ್ನ, ಅವರ ಪ್ರೀತಿ, ಚೆನ್ನನ ಕೊಲೆ. ಹೇಳುವ ರೀತಿ ಮಾತ್ರ ಪತ್ರಿಕೆಯ ವರದಿಯದಲ್ಲ. ರಾತ್ರಿ ಊರು ಮಲಗಿದ ಮೇಲೆ ಮನೆಮನೆಯ ದೀಪಗಳ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿಯನ್ನು ಮಾತಾಡಿಕೊಳ್ಳುತ್ತವೆ. ಒಂದು ಮಂಚ ತನ್ನ ಕತೆಯನ್ನು ತಾನೇ ಹೇಳುತ್ತದೆ. ಮನುಷ್ಯರು ಬಾಯಿಬಿಡಲಾಗದ ಸಂಗತಿಗಳನ್ನು ದೀಪವೂ ಮಂಚವೂ ಆಡುತ್ತವೆ.

ಇದನ್ನು ಓದಿದ ಕೆಲವು ವಿಮರ್ಶಕರು ದಕ್ಷಿಣ ಅಮೆರಿಕದ ಕಾದಂಬರಿಗಳನ್ನು ನೆನಪಿಸಿಕೊಂಡರು. ಅಷ್ಟು ದೂರ ಹೋಗಬೇಕಾಗಿಲ್ಲ. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿಗೆ ಜನವರಿಯ ಜಾತ್ರೆಯಲ್ಲಿ ಹೋಗಿ ಬಂದವರಿಗೆ ಇದು ಹೊಸತಲ್ಲ. ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕತೆ ಹಾಡುತ್ತಾರೆ. ಮಲೆ ಮಾದೇಶ್ವರನ ಕತೆಯನ್ನು ಕಂಸಾಳೆಯವರು ಹೇಳುತ್ತಾರೆ. ಆ ಕತೆಗಳಲ್ಲಿ ದೇವರು ಜನರಂತೆ ಮಾತಾಡುತ್ತಾನೆ, ಜಡವಾದದ್ದಕ್ಕೂ ಜೀವ ಬರುತ್ತದೆ, ಹೇಳುವವನು ಕೇಳುವವರ ಮಾತಿನಲ್ಲೇ ಹೇಳುತ್ತಾನೆ. ಪದ, ವಚನ, ಮಾತು ಒಂದರೊಳಗೊಂದು ಹಾದುಹೋಗುತ್ತವೆ. ಶಾಲೆಗೆ ಹೋಗದವರು ತಲೆಮಾರುಗಳಿಂದ ನೆನಪಿನಲ್ಲೇ ಕಾಪಾಡಿಕೊಂಡು ಬಂದ ಈ ಮಹಾಕಾವ್ಯಗಳು ಮಹಾದೇವರ ನಿಜವಾದ ಪೂರ್ವಿಕರು. ಇದೇ ಯಳಂದೂರಿನ ಸಂಚಿ ಹೊನ್ನಮ್ಮ ಹದಿನೇಳನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದದ್ದನ್ನು ನಮ್ಮ ಪಠ್ಯಗಳು ನೆನೆಯುತ್ತವೆ. ನೀಲಗಾರರ ನೆನಪು ಅಷ್ಟಾಗಿ ಬರುವುದಿಲ್ಲ.

'ಕುಸುಮಬಾಲೆ' ಬಂದಾಗ ಅರ್ಥವಾಗುವುದಿಲ್ಲ ಎಂಬ ದೂರು ಎದ್ದಿತು. ಕನ್ನಡವನ್ನೇ ಪಾಠ ಹೇಳುವವರಲ್ಲೂ ಕೆಲವರು ಹೀಗೆಂದರು. ಇದು ಕಾದಂಬರಿಯೋ ಕಾವ್ಯವೋ ಎಂಬ ಚರ್ಚೆಯೂ ನಡೆಯಿತು. ಆ ಚರ್ಚೆಗೆ ಒಬ್ಬರು ಕೊಟ್ಟ ಉತ್ತರ ಸ್ವಾರಸ್ಯಕರ. ವಚನ ಸಾಹಿತ್ಯದ ದೊಡ್ಡ ವಿದ್ವಾಂಸ ಎಲ್. ಬಸವರಾಜು ಇಡೀ ಗದ್ಯವನ್ನು ಪದ್ಯದ ಸಾಲುಗಳಾಗಿ ಒಡೆದು ಜೋಡಿಸಿ ತೋರಿಸಿದರು. ಹಳಗನ್ನಡ, ವಚನಗಳ ಶುದ್ಧ ಪಾಠಕ್ಕಾಗಿ ಆಯುಷ್ಯ ಸವೆಸಿದ ಪಂಡಿತರಿಗೆ ಈ 'ಅಶುದ್ಧ' ಕನ್ನಡದಲ್ಲಿ ಲಯ ಕೇಳಿಸಿತು. ರಂಗಭೂಮಿಯವರಿಗೂ ಕೇಳಿಸಿತು. ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಅದು ನಾಟಕವಾಯಿತು. ಇಂಗ್ಲಿಷಿಗೆ ತರುವುದು ಅಸಾಧ್ಯ ಎಂದು ಬಹುಕಾಲ ಅಂದುಕೊಂಡಿದ್ದ ಈ ಕೃತಿಯನ್ನು ಸೂಸನ್ ಡೇನಿಯಲ್ ಅನುವಾದಿಸಿದರು. 2015ರಲ್ಲಿ ಆಕ್ಸ್‌ಫರ್ಡ್ ಪ್ರಕಾಶನ ಅದನ್ನು ಹೊರತಂದಿತು. ಆ ಅನುವಾದಕ್ಕೆ 2019ನೇ ಸಾಲಿನ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಬಂತು.

ಬೇರೆ ದೇಶಗಳಲ್ಲಿಯೂ ಹೀಗೆ ನಡೆದದ್ದುಂಟು. ಅಮೆರಿಕದ ಮಾರ್ಕ್ ಟ್ವೇನ್ 'ಹಕಲ್‌ಬೆರಿ ಫಿನ್' ಕಾದಂಬರಿಯನ್ನು ಓದುಬರಹ ಅಷ್ಟಕ್ಕಷ್ಟೇ ಆದ ಹಳ್ಳಿ ಹುಡುಗನೊಬ್ಬನ ಬಾಯಿಮಾತಿನಲ್ಲಿ ಬರೆದರು. 1885ರಲ್ಲಿ ಕಾಂಕಾರ್ಡ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯ ಅದನ್ನು ಒರಟು ಪುಸ್ತಕವೆಂದು ಕಪಾಟಿನಿಂದ ಹೊರಗಿಟ್ಟಿತು. ಇಂದು ಅಮೆರಿಕದ ಸಾಹಿತ್ಯದ ಪಾಠ ಆ ಪುಸ್ತಕವಿಲ್ಲದೆ ನಡೆಯುವುದಿಲ್ಲ. ಜರ್ಮನಿಯ ಮಾರ್ಟಿನ್ ಲೂಥರ್ ಬೈಬಲ್ಲನ್ನು ಜರ್ಮನ್ ಭಾಷೆಗೆ ತಂದಾಗ, ಮನೆಯ ತಾಯಂದಿರು, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯರು ಹೇಗೆ ಮಾತಾಡುತ್ತಾರೆ ಎಂದು ಕೇಳಿಸಿಕೊಂಡು ಬರೆಯಬೇಕು ಎಂದು 1530ರಲ್ಲಿ ವಾದಿಸಿದ್ದರು. ಆಧುನಿಕ ಜರ್ಮನ್ ಬರಹದ ಭಾಷೆ ರೂಪುಗೊಂಡದ್ದರಲ್ಲಿ ಆ ಅನುವಾದದ ಪಾಲು ದೊಡ್ಡದು.

ಕತೆ ಕಾದಂಬರಿ ಎಂದರೆ ಮಹಾದೇವರದು ಮುಖ್ಯವಾಗಿ ಈ ಮೂರೇ. ಮೂರನ್ನೂ ಸೇರಿಸಿ ಕಟ್ಟಿಸಿದರೂ ದಪ್ಪ ಪುಸ್ತಕವಾಗುವುದಿಲ್ಲ. ವರ್ಷಕ್ಕೊಂದು ಕಾದಂಬರಿ ಬರೆಯುವವರ ನಾಡಿನಲ್ಲಿ ಇದು ವಿಚಿತ್ರವೇ. ಏಕೆ ಹೆಚ್ಚು ಬರೆಯಲಿಲ್ಲ ಎಂಬ ಪ್ರಶ್ನೆ ಅವರ ಬೆನ್ನು ಬಿಟ್ಟದ್ದಿಲ್ಲ. ಆದರೆ ಬರೆಯದೆ ಇದ್ದರು ಎಂಬುದು ನಿಜವಲ್ಲ. ಸಭೆಗಳ ಮಾತು, ಪತ್ರಿಕೆಗಳ ಲೇಖನ, ಮುನ್ನುಡಿ, ಟಿಪ್ಪಣಿ, ಪತ್ರ ಎಂದು ಚೆದುರಿಹೋಗಿದ್ದ ಅವರ ನಾಲ್ಕು ದಶಕಗಳ ಗದ್ಯ 2012ರಲ್ಲಿ 'ಎದೆಗೆ ಬಿದ್ದ ಅಕ್ಷರ' ಎಂಬ ಹೆಸರಿನಲ್ಲಿ ಅಭಿನವ ಪ್ರಕಾಶನದಿಂದ ಬಂತು. ಪ್ರಬಂಧಕಾರ ಮಹಾದೇವರನ್ನು ಕಾಣಬೇಕಾದದ್ದು ಇಲ್ಲಿ. ರೈತ, ದಲಿತ, ಜಾತಿ, ಗಾಂಧಿ, ಅಂಬೇಡ್ಕರ್, ಬೀಜ, ಶಿಕ್ಷಣ ಎಲ್ಲದರ ಬಗ್ಗೆಯೂ ಬರೆದಿದ್ದಾರೆ. ವಾದ ಮಂಡಿಸುವಾಗಲೂ ಕತೆಗಾರನ ಅಭ್ಯಾಸ ಬಿಟ್ಟಿಲ್ಲ. ಒಂದು ಸಣ್ಣ ಘಟನೆ ಹೇಳಿ ಸುಮ್ಮನಾಗುತ್ತಾರೆ, ತೀರ್ಮಾನ ನಮ್ಮ ಪಾಲಿಗೆ. ರೈತ ಚಳವಳಿಯವರೂ ದಲಿತ ಚಳವಳಿಯವರೂ ಒಟ್ಟಿಗೆ ನಿಲ್ಲಬೇಕೆಂಬ ಆಸೆಯಿಂದ 2005ರಲ್ಲಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟುವುದರಲ್ಲೂ ಮುಂದೆ ನಿಂತರು. ಚುನಾವಣೆಯ ಲೆಕ್ಕದಲ್ಲಿ ಅದು ದೊಡ್ಡದಾಗಲಿಲ್ಲ.

ಮಹಾದೇವರ ಹೆಸರು ಪತ್ರಿಕೆಗಳ ಮೊದಲ ಪುಟಕ್ಕೆ ಬಂದದ್ದು ಹೆಚ್ಚಾಗಿ ಅವರು ಬೇಡ ಎಂದದ್ದರಿಂದ. 2010ರಲ್ಲಿ ಲಕ್ಷಗಟ್ಟಲೆ ರೂಪಾಯಿಯ ನೃಪತುಂಗ ಪ್ರಶಸ್ತಿ ಬೇಡ ಎಂದರು. 2011ರಲ್ಲಿ ಪದ್ಮಶ್ರೀ ಬಂದಿತ್ತು. ದೇಶದಲ್ಲಿ ಅಸಹನೆ ಬೆಳೆಯುತ್ತಿದೆ ಎಂದು ಅನೇಕ ಲೇಖಕರು ಪ್ರಶಸ್ತಿ ಹಿಂದಿರುಗಿಸಿದ 2015ರಲ್ಲಿ ಅದನ್ನೂ, 1990ರ ಅಕಾಡೆಮಿ ಪ್ರಶಸ್ತಿಯನ್ನೂ ಮರಳಿಸಿದರು. ಅದೇ 2015ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನೂ ಒಪ್ಪಿಕೊಳ್ಳಲಿಲ್ಲ. ಕನ್ನಡದ ಬರಹಗಾರನಿಗೆ ಇದಕ್ಕಿಂತ ದೊಡ್ಡ ಮೆರವಣಿಗೆ ಇನ್ನೊಂದಿಲ್ಲ. ಮುಂದೆ ಅವರ ಗೆಳೆಯ ಕವಿ ಸಿದ್ದಲಿಂಗಯ್ಯ ಅಧ್ಯಕ್ಷರಾದರು.

ಅವರು ನೃಪತುಂಗ ಪ್ರಶಸ್ತಿಯನ್ನೂ ಸಮ್ಮೇಳನವನ್ನೂ ನಿರಾಕರಿಸಿದ ಕಾರಣ ಈ ಪುಟದ ಓದುಗರಿಗೆ ನೇರವಾಗಿ ಸಂಬಂಧಿಸಿದ್ದು. ಶಾಲೆಯಲ್ಲಿ ಕನ್ನಡ ಕಲಿಕೆಯ ಮಾಧ್ಯಮವಾಗಿಲ್ಲ ಎಂಬುದು ಅವರ ಅಸಮಾಧಾನ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಖಾಸಗಿ ಶಾಲೆಗಳಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತ್ತು. ಮಾಧ್ಯಮದ ಆಯ್ಕೆ ಪೋಷಕರದು ಎಂದಿತ್ತು. ಪ್ರಾಥಮಿಕ ಶಿಕ್ಷಣವೇ ಕನ್ನಡದಲ್ಲಿಲ್ಲದಿರುವಾಗ ಸಮ್ಮೇಳನದ ಪೀಠದ ಮೇಲೆ ಕೂತು ಏನು ಮಾಡಲಿ ಎಂಬುದು ಅವರ ನಿಲುವಿನ ಸಾರ.

ಪೋಷಕರಿಗೆ ಇದು ಸುಲಭದ ಮಾತಲ್ಲ. ಕೂಲಿ ಮಾಡಿಯಾದರೂ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ತಾಯಿಯನ್ನು ಕನ್ನಡದ್ರೋಹಿ ಎನ್ನುವುದು ಅನ್ಯಾಯ. ಇಂಗ್ಲಿಷೇ ದಲಿತರಿಗೆ, ಬಡವರಿಗೆ ಬಿಡುಗಡೆಯ ದಾರಿ ಎಂದು ವಾದಿಸುವ ದಲಿತ ಚಿಂತಕರೂ ಇದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಮಹಾದೇವರು ಕೇಳುವುದು ಬಡವರ ಮಕ್ಕಳು ಮಾತ್ರ ಕನ್ನಡದಲ್ಲಿ ಓದಲಿ ಎಂದಲ್ಲ. ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ಒಂದೇ ಬಗೆಯ ಶಾಲೆಯಲ್ಲಿ ಓದಲಿ ಎಂಬುದು ಅವರ ಒತ್ತಾಯ. ಆ ಎರಡನೆಯ ಭಾಗವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹಿಡಿದುಕೊಂಡರೆ ಅವರ ಮಾತು ತಿರುಚಿಹೋಗುತ್ತದೆ. ನನಗಂತೂ ಇನ್ನೊಂದು ಸಂಗತಿ ಮುಖ್ಯವಾಗಿ ಕಾಣುತ್ತದೆ. ಮಾಂಬಳ್ಳಿಯ ಮಗುವಿಗೆ ಪಠ್ಯಪುಸ್ತಕದ ಕನ್ನಡವೇ ಅರ್ಧ ಪರಭಾಷೆ. ಇಂಗ್ಲಿಷ್ ಅದಕ್ಕೆ ಎರಡನೆಯದಲ್ಲ, ಮೂರನೆಯ ಮೆಟ್ಟಿಲು. ಮೊದಲ ಮೆಟ್ಟಿಲಿನಲ್ಲೇ 'ನಿನ್ನ ಮಾತು ತಪ್ಪು' ಎಂದು ಕೇಳಿಸಿಕೊಂಡ ಮಗು ಆಮೇಲೆ ಎಲ್ಲ ಭಾಷೆಯಲ್ಲೂ ಬಾಯಿಬಿಡಲು ಅಂಜುತ್ತದೆ. ತಿದ್ದಬೇಕು, ನಿಜ. 'ಮನೆಯಲ್ಲಿ ಹೀಗೆ, ಬರೆಯುವಾಗ ಹೀಗೆ' ಎಂದು ಹೇಳಿಯೂ ತಿದ್ದಬಹುದಲ್ಲ.

ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಮಹಾದೇವರ ಹೆಸರು ಕನ್ನಡ ಪಠ್ಯಪುಸ್ತಕದಿಂದಲೂ ಗೊತ್ತಿತ್ತು. 'ಎದೆಗೆ ಬಿದ್ದ ಅಕ್ಷರ' ಎಂಬ ಪಾಠ ಅಲ್ಲಿತ್ತು. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ವಿವಾದ ಎದ್ದಾಗ, ಆ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ಅವರು ಹಿಂತೆಗೆದುಕೊಂಡರು. ಅದೇ ವರ್ಷ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಎಂಬ ಕಿರುಹೊತ್ತಗೆ ತಂದರು. ಆ ಸಂಘಟನೆಯನ್ನು ಟೀಕಿಸುವ ಈ ಪುಸ್ತಕಕ್ಕೆ ಮೆಚ್ಚುಗೆಯೂ ಬಂತು, ತೀವ್ರ ವಿರೋಧವೂ ಬಂತು. ರಾಜಕೀಯದ ಮಾತು ಪಕ್ಕಕ್ಕಿಟ್ಟರೂ ಅದರ ಪ್ರಕಟಣೆಯ ಕ್ರಮ ವಿಶೇಷವಾದದ್ದು. ಒಬ್ಬ ಪ್ರಕಾಶಕರಿಗೆ ಹಕ್ಕು ಮಾರದೆ, ರಾಜ್ಯದ ಬೇರೆ ಬೇರೆ ಕಡೆಯ ಹಲವು ಪ್ರಕಾಶಕರು ಏಕಕಾಲಕ್ಕೆ ಅಚ್ಚು ಹಾಕಲು ಬಿಟ್ಟುಕೊಟ್ಟರು. ಬೆಲೆಯನ್ನು ಒಂದು ಊಟದ ದುಡ್ಡಿಗಿಂತ ಕಡಿಮೆ ಇಟ್ಟರು. ಕನ್ನಡ ಪುಸ್ತಕಗಳು ಮಾರಾಟವಾಗುವುದಿಲ್ಲ ಎಂದು ಗೊಣಗುವವರು ಆ ದಿನಗಳಲ್ಲಿ ಸುಮ್ಮನಿರಬೇಕಾಯಿತು.

ರಜೆಯಲ್ಲಿ ಅವರ ಪುಸ್ತಕ ಹಿಡಿಯುವ ವಿದ್ಯಾರ್ಥಿಗಳಿಗೆ ಒಂದು ಸಲಹೆ. 'ಒಡಲಾಳ' ಮೊದಲು, ಆಮೇಲೆ 'ದ್ಯಾವನೂರು', ಕೊನೆಗೆ 'ಕುಸುಮಬಾಲೆ'. ಪ್ರಬಂಧಗಳನ್ನು ನಡುವೆ ಬೇಕೆನಿಸಿದಾಗ ಒಂದೊಂದಾಗಿ ತೆಗೆದು ಓದಬಹುದು. 'ಕುಸುಮಬಾಲೆ'ಯನ್ನು ಕಣ್ಣಿನಲ್ಲಿ ಓದಿದರೆ ಎರಡನೆಯ ಪುಟಕ್ಕೇ ಕಾಲು ಜಾರುತ್ತದೆ. ಗಟ್ಟಿಯಾಗಿ ಓದಬೇಕು, ಸಾಧ್ಯವಾದರೆ ಮನೆಯ ಹಿರಿಯರ ಎದುರು ಕೂತು. ಗೊತ್ತಿಲ್ಲದ ಪದ ಬಂದರೆ ನಿಘಂಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಎಷ್ಟೋ ಪದಗಳು ಅಲ್ಲಿ ಇನ್ನೂ ಸೇರಿಲ್ಲ. ಪಕ್ಕದಲ್ಲಿ ಕೂತ ಅಜ್ಜಿಯನ್ನೇ ಕೇಳಿ.